ಬನ್ನಿ ಮತ್ತು ಬಳ್ಳಾರಿ ಜಾಲಿ ಒಂದೇ ಕುಲದವೇ?

ದಸರೆಯಲ್ಲಿ ಕೈಗೆ ಕೊಟ್ಟು ಬಂಗಾರವೆನ್ನುವ ಬನ್ನಿಯೂ ಕಡಿದಷ್ಟೂ ಚಿಗುರುವ ಬಳ್ಳಾರಿ ಜಾಲಿಯೂ ಪ್ರೊಸೋಪಿಸ್ ಎಂಬ ಒಂದೇ ಕುಲದವು (ಕುಲವೆಂದರೆ ಹತ್ತಿರದ ನಂಟಿನ ಪ್ರಭೇದಗಳ ಗುಂಪು) ಎಂದು ಓದಿದ್ದೀರಿ. ಅದು ನಿಜವೇ ಎಂಬುದು ನಿಮ್ಮ ಪ್ರಶ್ನೆ. 2022ರವರೆಗೆ ಹಾಗೆಯೇ ಬರೆಯುತ್ತಿದ್ದೆವು, ಈಗ ಬರೆಯುವುದಿಲ್ಲ.

ಗದಗಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನಾನು ಎರಡನ್ನೂ ಬಹುಕಾಲ ಒಂದೇ ಹೆಸರಿನಡಿ ಹೇಳಿಕೊಟ್ಟವನು. ದೇವರ ಗಿಡಕ್ಕೂ ಈ ಪೀಡೆಗೂ ಯಾವ ನಂಟು ಎಂದು ವಿದ್ಯಾರ್ಥಿಗಳು ಕೇಳಿದರೆ, ವರ್ಗೀಕರಣದಲ್ಲಿ ಪೂಜೆ ಲೆಕ್ಕಕ್ಕಿಲ್ಲ ಎನ್ನುತ್ತಿದ್ದೆ. ಆದರೆ ಅವರ ಸಂಶಯಕ್ಕೆ ಆಧಾರ ಮುಳ್ಳಿನಲ್ಲಿಯೇ ಇತ್ತು: ಬನ್ನಿಯ ಮುಳ್ಳುಗಳು ಗೆಣ್ಣುಗಳ ನಡುವೆ ಟೊಂಗೆಯ ಸಿಪ್ಪೆಯ ಮೇಲೆ ಚದುರಿಕೊಂಡಿರುತ್ತವೆ, ಬಳ್ಳಾರಿ ಜಾಲಿಯವು ಎಲೆಯ ಕಂಕುಳಿನಿಂದಲೇ ಹೊರಡುತ್ತವೆ. 1976ರಲ್ಲಿ ಸಸ್ಯಶಾಸ್ತ್ರಜ್ಞ ಬುರ್ಕಾರ್ಟ್ ಅವರು ಈ ಕುಲದ 44 ಪ್ರಭೇದಗಳನ್ನು ಐದು ವಿಭಾಗಗಳಿಗೆ ಹಂಚಿದಾಗಲೂ ಇವೆರಡನ್ನು ಬೇರೆ ಬೇರೆ ವಿಭಾಗಗಳಲ್ಲಿಯೇ ಇಟ್ಟಿದ್ದರು. ಮುಂದೆ ಡಿಎನ್‌ಎ ಹೋಲಿಕೆಯಿಂದ ಇವು ಒಂದೇ ಬೇರಿನ ಕವಲುಗಳಲ್ಲವೆಂದು ಸ್ಪಷ್ಟವಾದ ಮೇಲೆ, 2022ರಲ್ಲಿ ಸಸ್ಯಶಾಸ್ತ್ರಜ್ಞ ಹ್ಯೂಸ್ ಮತ್ತು ಸಂಗಡಿಗರು ಹಳೆಯ ಕುಲವನ್ನು ನಾಲ್ಕಾಗಿ ಒಡೆದರು. ಅಮೆರಿಕ ಮೂಲದ ಬಳ್ಳಾರಿ ಜಾಲಿ ನೆಲ್ಟುಮಾ ಜೂಲಿಫ್ಲೋರಾ ಆಯಿತು. ಈ ನೆಲ್ಟುಮಾ ಹೊಸ ಹೆಸರೇನಲ್ಲ, ರಾಫಿನೆಸ್ಕ್ ಎಂಬ ಸಸ್ಯಶಾಸ್ತ್ರಜ್ಞ 1838ರಲ್ಲಿಯೇ ಇಟ್ಟಿದ್ದನ್ನು ಮತ್ತೆ ಹೊರತೆಗೆದರು. ಪ್ರೊಸೋಪಿಸ್‌ನಲ್ಲಿ ಉಳಿದದ್ದು ಬನ್ನಿಯೂ ಸೇರಿ ಮೂರೇ ಪ್ರಭೇದ.

ನಲವತ್ತಕ್ಕೂ ಹೆಚ್ಚು ಪ್ರಭೇದಗಳ ಅಮೆರಿಕದ ಗುಂಪನ್ನು ಬಿಟ್ಟು ಮೂರರ ಗುಂಪಿಗೆ ಹಳೆಯ ಹೆಸರು ಉಳಿಯಲು ಕಾರಣವಿದೆ. ಲಿನ್ನೇಯಸ್ 1767ರಲ್ಲಿ ಆ ಕುಲವನ್ನು ಕಟ್ಟಿದ್ದು ಬನ್ನಿಯ ಮೇಲೆಯೇ. ಕುಲ ಒಡೆದಾಗ ಹೆಸರು ಮಾದರಿ ಪ್ರಭೇದದ, ಅಂದರೆ ಆ ಹೆಸರಿಗೆ ಆಧಾರವಾದ ಪ್ರಭೇದದ, ಜೊತೆಗೆ ಹೋಗುತ್ತದೆಯೇ ಹೊರತು ಸಂಖ್ಯೆಯ ಜೊತೆಗಲ್ಲ. ಇದೇ ನಿಯಮ ನಮ್ಮ ಎರೆಹೊಲಗಳ ಕರಿಜಾಲಿಗೆ ಒದಗಲಿಲ್ಲ. ಅಕೇಶಿಯ ಕುಲವನ್ನೂ ಹೀಗೆಯೇ ಒಡೆಯಬೇಕಾದಾಗ, ಅದರ ಮಾದರಿ ಆ ಜಾಲಿಯೇ ಆಗಿದ್ದರೂ, ಸುಮಾರು ಸಾವಿರ ಆಸ್ಟ್ರೇಲಿಯನ್ ಪ್ರಭೇದಗಳ ಹೆಸರು ಬದಲಾಗದಿರಲೆಂದು 2005ರ ವಿಯೆನ್ನಾದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನವು ಮಾದರಿಯನ್ನೇ ಆಸ್ಟ್ರೇಲಿಯದ ಪ್ರಭೇದವೊಂದಕ್ಕೆ ವರ್ಗಾಯಿಸಿತು, 2011ರಲ್ಲಿ ಮೆಲ್ಬರ್ನ್ ಸಮ್ಮೇಳನ ಅದನ್ನು ಎತ್ತಿಹಿಡಿಯಿತು, ಜಾಲಿ ವಚೆಲ್ಲಿಯಾ ನೈಲೋಟಿಕಾ ಆಯಿತು. ಅನುಕೂಲದ ದೃಷ್ಟಿಯಿಂದ ಅದನ್ನು ಒಪ್ಪಬಹುದಾದರೂ, ನ್ಯಾಯವೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಒಂದು ಎಚ್ಚರಿಕೆ. ಕರ್ನಾಟಕದಲ್ಲಿ ಬನ್ನಿ ಎಂದು ಕರೆಯುವ ಗಿಡ ಎಲ್ಲ ಕಡೆಯೂ ಪ್ರೊಸೋಪಿಸ್ ಸಿನೆರೇರಿಯಾ ಅಲ್ಲ. ಸೆನೆಗಾಲಿಯಾ ಫೆರುಜಿನಿಯಾ ಎಂಬ ಇನ್ನೊಂದು ಮರಕ್ಕೂ ಅದೇ ಹೆಸರಿದೆ. ನಿಮ್ಮೂರಿನ ಬನ್ನಿಕಟ್ಟೆಯ ಮರ ಯಾವುದೆಂದು ತಿಳಿಯಬೇಕಾದರೆ, ಅದು ಹೂಬಿಟ್ಟಾಗ ಗೊಂಚಲಿನ ಒಂದೇ ಹೂವನ್ನು ಬಿಡಿಸಿ ಕೇಸರಗಳನ್ನು (ಪರಾಗ ಹೊತ್ತ ಎಳೆಗಳನ್ನು) ಎಣಿಸಿ. ಹತ್ತೇ ಇದ್ದರೆ ಪ್ರೊಸೋಪಿಸ್, ಎಣಿಕೆಗೆ ಸಿಗದಷ್ಟಿದ್ದರೆ ಸೆನೆಗಾಲಿಯಾ.