ಮರಿ ತರುವ ಮುಂಚೆ ಒಮ್ಮೆ ನೆಲದ ಮೇಲೆ ಮಲಗಿ ನೋಡಿ

ಬೆಕ್ಕಿನ ಮರಿ ತರುತ್ತಿದ್ದೇವೆ, ಏನು ತಯಾರಿ ಬೇಕು ಎಂದು ಕೇಳುವ ಪತ್ರಗಳನ್ನು ಇಷ್ಟು ದಿನ ಒಂದು ಮೂಲೆಗೆ ಹಾಕುತ್ತಾ ಬಂದಿದ್ದೆ. ಈಗ ರಾಶಿಯಾಗಿದೆ. ಅರ್ಧಕ್ಕರ್ಧ ಪತ್ರಗಳಲ್ಲಿ ಒಂದೇ ಪ್ರಶ್ನೆ. ಉಳಿದವುಗಳಲ್ಲಿ ಹಾಲು. ಇವತ್ತು ಎಲ್ಲದಕ್ಕೂ ಒಟ್ಟಿಗೆ ಉತ್ತರ ಬರೆದು ಮುಗಿಸುತ್ತೇನೆ. ಊಟಕ್ಕೆ ತಟ್ಟೆ ಬೇಕು, ನೀರಿಗೆ ಬಟ್ಟಲು ಬೇಕು ಅಂತೆಲ್ಲ ನಾನು ಹೇಳಬೇಕಾಗಿಲ್ಲ, ಅಲ್ವಾ?

ಪ್ರಶ್ನೆ: ಡಾಕ್ಟರೇ, ಮುಂದಿನ ವಾರ ಎರಡು ತಿಂಗಳ ಮರಿ ನಮ್ಮ ಮನೆಗೆ ಬರುತ್ತಿದೆ. ಮೆತ್ತನೆಯ ಹಾಸಿಗೆ, ಉಚ್ಚೆ, ಕಕ್ಕಕ್ಕೆ ಮುಚ್ಚಳ ಇರುವ ಲಿಟರ್ ಟ್ರೇ, ಅದಕ್ಕೆ ತುಂಬಲು ಸುವಾಸನೆಯ ಮರಳು, ದಾರಕ್ಕೆ ಪುಕ್ಕ ಕಟ್ಟಿದ ಆಟಿಕೆ ಎಲ್ಲಾ ತಂದಿದ್ದೇವೆ. ಮನೆಯೆಲ್ಲ ಆರಾಮಾಗಿ ಓಡಾಡಿಕೊಂಡಿರಲಿ ಅಂತ ಆಸೆ. ಇನ್ನೇನು ಕೊಳ್ಳಬೇಕು?

ಏನೂ ಕೊಳ್ಳಬೇಡಿ. ತೆಗೆದಿಡುವ ಕೆಲಸ ಇದೆ, ಅದನ್ನು ಮಾಡಿ.

ಮೊದಲು ಒಂದು ಕೋಣೆ ಆರಿಸಿಕೊಳ್ಳಿ. ಒಂದೇ ಒಂದು. ಇಡೀ ಮನೆ ನಿಮಗೆ ಮನೆ, ಅಂಗೈಯಷ್ಟು ಮರಿಗೆ ಅದು ಕಾಡು. ಎಲ್ಲಿ ಅಡಗಬೇಕು, ಎಲ್ಲಿ ಉಚ್ಚೆ ಹೊಯ್ಯಬೇಕು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ಸೋಫಾ ಹಿಂದೆ ಹೊಯ್ದಿತು ಅಂತ ನನಗೆ ಪತ್ರ ಬರೆಯುತ್ತೀರಿ. ಕೋಣೆ ಚಿಕ್ಕದಿದ್ದಷ್ಟೂ ಒಳ್ಳೆಯದು. ಒಂದು ಮೂಲೆಯಲ್ಲಿ ಟ್ರೇ, ಎದುರು ಮೂಲೆಯಲ್ಲಿ ಊಟ, ನೀರು. ಒಂದು ರಟ್ಟಿನ ಡಬ್ಬವನ್ನು ಅಡ್ಡ ಮಲಗಿಸಿ, ಒಳಗೆ ತಾಯಿಯ ವಾಸನೆ ಇರುವ ಬಟ್ಟೆ ಹಾಕಿ. ಮರಿ ಬೆಳೆದ ಮನೆಯಿಂದ ಆ ಬಟ್ಟೆಯನ್ನು ಕೇಳಿ ತನ್ನಿ. ನಿಮ್ಮ ಮೆತ್ತನೆಯ ಹಾಸಿಗೆಗಿಂತ ಅದಕ್ಕೆ ಬೆಲೆ ಜಾಸ್ತಿ. ಮರಿ ಬಾಲ ಎತ್ತಿಕೊಂಡು ಬಾಗಿಲ ಬಳಿ ಬಂದು ಕೂಗುವ ತನಕ ಆ ಬಾಗಿಲು ಮುಚ್ಚಿರಲಿ. ಕೆಲವಕ್ಕೆ ಎರಡು ದಿನ ಸಾಕು, ಕೆಲವಕ್ಕೆ ಒಂದು ವಾರ ಬೇಕು.

ಈಗ ಆ ಕೋಣೆಗೆ ಹೋಗಿ ನೆಲದ ಮೇಲೆ ಮಲಗಿ. ತಮಾಷೆಗೆ ಹೇಳುತ್ತಿಲ್ಲ. ಕೆನ್ನೆ ನೆಲಕ್ಕೆ ತಾಗಲಿ, ಕೈಯಲ್ಲಿ ಟಾರ್ಚ್ ಇರಲಿ. ನಿಂತಾಗ ಕಾಣದ್ದೆಲ್ಲ ಕಾಣುತ್ತದೆ. ಮಂಚದ ಕೆಳಗೆ ರಬ್ಬರ್ ಬ್ಯಾಂಡು, ಬೀರುವಿನ ಕೆಳಗೆ ಯಾವತ್ತೋ ಉರುಳಿಹೋದ ಮಾತ್ರೆ, ಮೂಲೆಯಲ್ಲಿ ನುಸಿಗುಳಿಗೆ, ಬೀರು ಮತ್ತು ಗೋಡೆಯ ನಡುವಿನ ಸಂದು. ಆ ಸಂದಿನಲ್ಲಿ ಮರಿಯ ತಲೆ ತೂರಿದರೆ ಮೈಯೂ ತೂರಿತು ಅಂತಲೇ ಲೆಕ್ಕ. ಎಲ್ಲಾ ತೆಗೆಯಿರಿ, ಸಂದು ಮುಚ್ಚಿ.

ಎಲ್ಲಕ್ಕಿಂತ ಮೊದಲು ದಾರ ಹುಡುಕಿ. ಹೊಲಿಗೆ ದಾರ, ಉಲ್ಲನ್, ರಿಬ್ಬನ್, ಪೊಟ್ಟಣ ಕಟ್ಟಿದ ನೂಲು. ಬೆಕ್ಕು, ಉಲ್ಲನ್ ಉಂಡೆ ಇರುವ ಮುದ್ದಾದ ಚಿತ್ರ ನೋಡಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಯಾಕೆ ಹೇಳುತ್ತೇನೆ ಕೇಳಿ. ಬೆಕ್ಕಿನ ನಾಲಿಗೆ ಮುಟ್ಟಿ ನೋಡಿದ್ದೀರಲ್ಲ, ಅರದ ಹಾಗೆ ತರಿತರಿ. ಆ ಮುಳ್ಳುಗಳೆಲ್ಲ ಗಂಟಲ ಕಡೆಗೇ ಬಾಗಿರುತ್ತವೆ. ದಾರ ಒಮ್ಮೆ ಸಿಕ್ಕಿಕೊಂಡರೆ ಉಗಿಯಲು ಆಗುವುದಿಲ್ಲ, ನುಂಗುವುದೊಂದೇ ದಾರಿ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಳ್ಳುತ್ತದೆ, ಇನ್ನೊಂದು ತುದಿ ಕರುಳಿಗೆ ಇಳಿಯುತ್ತದೆ. ಕರುಳು ಅದನ್ನು ಮುಂದಕ್ಕೆ ತಳ್ಳಲು ನೋಡುತ್ತದೆ. ದಾರ ಬರುವುದಿಲ್ಲ, ಬದಲಿಗೆ ಕರುಳೇ ದಾರದ ಮೇಲೆ ಏರಿ ಏರಿ, ಲಾಡಿ ಎಳೆದ ಪೈಜಾಮದ ಹಾಗೆ ನಿರಿಗೆ ಕಟ್ಟುತ್ತದೆ. ಆಮೇಲೆ ಆ ಬಿಗಿ ದಾರ ಕರುಳನ್ನು ಒಳಗಿನಿಂದ ಕೊಯ್ಯುತ್ತದೆ.

ಒಮ್ಮೆ ಮೂರು ತಿಂಗಳ ಮರಿಯೊಂದು ಬಂತು. ಎರಡು ದಿನದಿಂದ ವಾಂತಿ. 'ಹೊಸ ಜಾಗ ಅಲ್ವಾ, ಮುನಿಸಿಕೊಂಡಿದೆ ಅಂದ್ಕೊಂಡ್ವಿ' ಅಂದರು ಮನೆಯವರು. ಬಾಯಿ ತೆಗೆಸಿ, ದವಡೆಯ ಕೆಳಗಿನಿಂದ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನಾಲಿಗೆ ಎತ್ತಿದೆ. ನಾಲಿಗೆಯ ಅಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ. ಅದು ಗೆರೆ ಅಲ್ಲ, ಮಾಂಸದೊಳಕ್ಕೆ ಇಳಿದಿದ್ದ ಹೊಲಿಗೆ ದಾರ. ಹೊಟ್ಟೆ ತೆರೆದು ಕರುಳನ್ನು ಮೂರು ಕಡೆ ಕೊಯ್ದು ತುಂಡು ತುಂಡಾಗಿ ತೆಗೆಯಬೇಕಾಯಿತು. ಮರಿ ಬದುಕಿತು. ಎಲ್ಲವೂ ಬದುಕುವುದಿಲ್ಲ. ಬಾಯಲ್ಲೋ ಹಿಂದೆಯೋ ದಾರದ ತುದಿ ನೇತಾಡುತ್ತಿದ್ದರೆ ಎಳೆಯಬೇಡಿ. ಎಳೆದರೆ ಒಳಗೆ ಕರುಳು ಹರಿಯುತ್ತದೆ. ಹಾಗೇ ಎತ್ತಿಕೊಂಡು ಆಸ್ಪತ್ರೆಗೆ ಓಡಿ. ನೀವು ತಂದಿರುವ ಪುಕ್ಕದ ಆಟಿಕೆಗೂ ದಾರವೇ ಇದೆ. ನೀವು ಜೊತೆಗಿದ್ದು ಆಡಿಸಿ, ಆಟ ಮುಗಿದ ಕೂಡಲೇ ಬೀರುವಿನೊಳಗೆ ಇಡಿ.

ಟ್ರೇ ವಿಷಯ. ಮುಚ್ಚಳ ತೆಗೆದುಬಿಡಿ, ಅದು ವಾಸನೆಯನ್ನು ಒಳಗೇ ಕೂಡಿಡುತ್ತದೆ. ಸುವಾಸನೆ ಬೇಕಾಗಿರುವುದು ನಿಮ್ಮ ಮೂಗಿಗೆ, ಮರಿಗಲ್ಲ. ಅಂಚು ಎಷ್ಟು ತಗ್ಗಿರಬೇಕೆಂದರೆ ಮರಿ ಹಾರದೆ ನಡೆದೇ ಒಳಗೆ ಹೋಗಬೇಕು. ನೀರು ಬಿದ್ದರೆ ಗಟ್ಟಿಯಾಗುವ ಮರಳು ಈ ವಯಸ್ಸಿಗೆ ಬೇಡ. ಮರಿಗಳು ಮರಳನ್ನೂ ರುಚಿ ನೋಡುತ್ತವೆ, ಅದು ಹೊಟ್ಟೆಯಲ್ಲೂ ಗಟ್ಟಿಯಾಗಬಹುದು. ಮೊದಲಿದ್ದ ಮನೆಯಲ್ಲಿ ಯಾವ ಮರಳು ಬಳಸುತ್ತಿದ್ದರೋ ಅದನ್ನೇ ಮುಂದುವರಿಸಿದರೆ ಅರ್ಧ ತಲೆನೋವು ಕಡಿಮೆ. ಊಟಕ್ಕೂ ಇದೇ ಮಾತು.

ಕೋಣೆಯ ಬಾಗಿಲು ತೆರೆಯುವ ಮುಂಚೆ ಉಳಿದ ಮನೆಯನ್ನೂ ಹೀಗೇ ನೋಡಿ. ಹೂದಾನಿಯಲ್ಲೋ ಕುಂಡದಲ್ಲೋ ಲಿಲ್ಲಿ ಇದ್ದರೆ ಇವತ್ತೇ ಹೊರಗೆ ಹಾಕಿ. ಎಲೆ, ಹೂವು, ಮೈಗಂಟಿದ ಪರಾಗ ನೆಕ್ಕಿದ್ದು, ಹೂದಾನಿಯ ನೀರು, ಯಾವುದು ಹೊಟ್ಟೆಗೆ ಹೋದರೂ ಎರಡು ಮೂರು ದಿನದಲ್ಲಿ ಕಿಡ್ನಿ ಕೈಕೊಡಬಹುದು. ವಾಷಿಂಗ್ ಮೆಷಿನ್ನಿನ ಬಾಗಿಲು ಹಾಕುವ ಮುಂಚೆ ಒಳಗೆ ಕೈ ಆಡಿಸಿ ನೋಡುವುದು ಅಭ್ಯಾಸವಾಗಲಿ.

ಪ್ರಶ್ನೆ: ಹಸುವಿನ ಹಾಲು ಎಷ್ಟು ಕೊಡಬೇಕು?

ಕೊಡಬೇಡಿ. ಭೇದಿಯಾಗುತ್ತದೆ. ತಾಯಿಯ ಹಾಲು ಕುಡಿಯುವುದನ್ನು ಬಿಟ್ಟ ಮರಿಗೆ ಕುಡಿಯಲು ನೀರು ಸಾಕು.

ಪ್ರಶ್ನೆ: ನಮ್ಮದು ನಾಲ್ಕನೇ ಮಹಡಿ. ಬೆಕ್ಕು ಹೇಗೆ ಬಿದ್ದರೂ ಕಾಲ ಮೇಲೇ ನಿಲ್ಲುತ್ತದಂತೆ. ಕಿಟಕಿಗೆ ಜಾಲರಿ ಹಾಕಿಸಲೇಬೇಕೇ?

ಹಾಕಿಸಲೇಬೇಕು. ಬೀಳುವ ಬೆಕ್ಕು ಗಾಳಿಯಲ್ಲೇ ಮೈ ತಿರುಗಿಸಿಕೊಳ್ಳುವುದು ನಿಜ. ಫ್ರಾನ್ಸಿನ ವಿಜ್ಞಾನಿ ಎಟಿಯೆನ್ ಜೂಲ್ ಮಾರೆ 1894ರಲ್ಲೇ ಸಾಲಾಗಿ ಫೋಟೊ ತೆಗೆದು ಅದನ್ನು ತೋರಿಸಿದ್ದಾರೆ. ಆದರೆ ಕಾಲ ಮೇಲೆ ಇಳಿಯುವುದು ಬೇರೆ, ಪೆಟ್ಟಾಗದೆ ಇಳಿಯುವುದು ಬೇರೆ. ನ್ಯೂಯಾರ್ಕಿನಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವರದಿ 1987ರಲ್ಲಿ ಬಂತು. ಚಿಕಿತ್ಸೆ ಸಿಕ್ಕವುಗಳಲ್ಲಿ ಶೇ. 90ರಷ್ಟು ಬದುಕಿದವು ಅಂತ ಎಲ್ಲರೂ ಹೇಳುತ್ತಾರೆ. ಬಹುಪಾಲು ಬೆಕ್ಕುಗಳಿಗೆ ಎದೆಯೊಳಗೆ ಪೆಟ್ಟಾಗಿತ್ತು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಬಿದ್ದಲ್ಲೇ ಸತ್ತದ್ದನ್ನು ಆಸ್ಪತ್ರೆಗೆ ಯಾರು ತರುತ್ತಾರೆ? ಅವು ಲೆಕ್ಕಕ್ಕೇ ಬರುವುದಿಲ್ಲ. ಸೊಳ್ಳೆ ಪರದೆ ಸಾಲದು, ಮರಿ ಉಗುರಲ್ಲೇ ಅದನ್ನು ಹರಿಯುತ್ತದೆ.

ಪ್ರಶ್ನೆ: ಬಂದ ದಿನವೇ ಸ್ನಾನ ಮಾಡಿಸಬಹುದೇ?

ನಿಮ್ಮನ್ನು ಗುರುತಿಲ್ಲದ ಮನೆಗೆ ಎತ್ತಿಕೊಂಡು ಹೋಗಿ ಬಕೆಟ್ಟಿನಲ್ಲಿ ಅದ್ದಿದರೆ ಹೇಗಿರುತ್ತದೆ?

ಪ್ರಶ್ನೆ: ಮರಿಯ ಮೈಯಲ್ಲಿ ಚಿಗಟ ಇದೆ. ನಾಯಿಗೆ ಹಾಕುವ ಔಷಧಿಯನ್ನೇ ಅರ್ಧ ಹಾಕಿ ಅಂದರು ಅಂಗಡಿಯವರು.

ಹೀಗೆ ಹೇಳುವವರನ್ನು ನನ್ನ ಮುಂದೆ ಒಮ್ಮೆ ಕೂರಿಸಬೇಕು. ನಾಯಿಯ ಚಿಗಟದ ಔಷಧಿ ಎಷ್ಟೋ ಬಾರಿ ಪರ್ಮೆಥ್ರಿನ್ ಎಂಬ ಕೀಟನಾಶಕ ಆಗಿರುತ್ತದೆ. ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸಿಕೊಳ್ಳುವ ಶಕ್ತಿ ಇಲ್ಲ. ಮೊದಲು ಕಿವಿ ಅದುರುತ್ತದೆ, ಆಮೇಲೆ ಮೈಯೆಲ್ಲ ನಡುಗುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ಅರ್ಧ, ಕಾಲು ಅನ್ನುವ ಲೆಕ್ಕವೇ ಇಲ್ಲಿ ತಪ್ಪು. ಬೆಕ್ಕು ಚಿಕ್ಕ ನಾಯಿ ಅಲ್ಲ. ಈಗಾಗಲೇ ಹಾಕಿದ್ದರೆ ಪತ್ರಿಕೆ ಮಡಚಿಟ್ಟು ಆಸ್ಪತ್ರೆಗೆ ಹೊರಡಿ. ಅದೇ ಅಂಗಡಿಯವರು ಜ್ವರಕ್ಕೆ ಪ್ಯಾರಾಸಿಟಮಾಲ್ ಚೂರು ಕೊಡಿ ಅಂದರೂ ಕೇಳಬೇಡಿ, ಒಂದು ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು. ಚಿಗಟಕ್ಕೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಆ ಬಾಚಣಿಗೆಯನ್ನು ಸೋಪು ನೀರಿನ ಬಟ್ಟಲಲ್ಲಿ ಅದ್ದಿ. ಮರಿಯ ವಯಸ್ಸು, ತೂಕ ನೋಡಿ ಔಷಧಿ ಬರೆಯುವುದು ವೈದ್ಯರ ಕೆಲಸ.

ಪ್ರಶ್ನೆ: ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಮಕ್ಕಳಿಗೆ ಆಸ್ತಮಾ ಬರುತ್ತದೆಯೇ?

ಹೊಟ್ಟೆಗೆ ಹೋದ ಕೂದಲು ಮಾರನೇ ದಿನ ಹೊರಗೆ ಹೋಗುತ್ತದೆ. ಅಲರ್ಜಿ ತರುವುದು ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಪ್ರೋಟೀನು, ಅದು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಮೊದಲು ಅವರ ಡಾಕ್ಟರನ್ನು ಕೇಳಿ. ಮರಿ ತಂದು ವಾರಕ್ಕೇ ವಾಪಸ್ ಬಿಡಬೇಡಿ.

ಪ್ರಶ್ನೆ: ನಮ್ಮ ಹಳೇ ಬೆಕ್ಕು ವಾಂತಿ ಭೇದಿಯಾಗಿ ಎರಡು ತಿಂಗಳ ಹಿಂದೆ ತೀರಿಕೊಂಡಿತು. ಫಿನೈಲ್ ಹಾಕಿ ಮನೆಯೆಲ್ಲ ಒರೆಸಿದ್ದೇವೆ. ಹೊಸ ಮರಿ ತರಬಹುದೇ?

ಈ ಪತ್ರ ಬರೆದವರಿಗೆ ನನ್ನ ನಮಸ್ಕಾರ. ಕೇಳಿ ತರುವವರು ಕಡಿಮೆ. ಅದು ಪ್ಯಾನ್‌ಲ್ಯುಕೋಪೀನಿಯಾ ಎಂಬ, ಬೆಕ್ಕಿನಿಂದ ಬೆಕ್ಕಿಗೆ ಹರಡುವ ವಾಂತಿ ಭೇದಿಯ ರೋಗ ಆಗಿದ್ದರೆ ಅದರ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಬದುಕಿರಬಲ್ಲದು. ಫಿನೈಲ್‌ಗೆ ಅದು ಜಗ್ಗುವುದಿಲ್ಲ. ಮೇಲಾಗಿ, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಫಿನೈಲ್ ಬೆಕ್ಕಿಗೇ ವಿಷ. ಪಾದಕ್ಕೆ ಅಂಟಿದ್ದನ್ನು ನೆಕ್ಕುತ್ತದೆ. ಹಳೆಯ ಹಾಸಿಗೆ, ಟ್ರೇ, ಆಟಿಕೆ ಎಲ್ಲಾ ಎಸೆಯಿರಿ. ನೆಲವನ್ನು ಸೋಪು ನೀರಲ್ಲಿ ತೊಳೆದು, ಆಮೇಲೆ ಮನೆಬಳಕೆಯ ಬ್ಲೀಚ್ ಒಂದು ಪಾಲಿಗೆ ನೀರು 32 ಪಾಲು ಬೆರೆಸಿ ಹಾಕಿ, 10 ನಿಮಿಷ ಬಿಟ್ಟು ಒರೆಸಿ. ಫಿನೈಲ್ ಜೊತೆ ಬೆರೆಸಬೇಡಿ. ಇಷ್ಟಾದರೂ ಲಸಿಕೆ ಪೂರ್ತಿಯಾಗದ ಮರಿ ನಿಮ್ಮ ಮನೆಗೆ ಬೇಡ. ಮರಿಗಳಿಗೆ 6ರಿಂದ 8 ವಾರಕ್ಕೆ ಲಸಿಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ 16 ವಾರ ದಾಟುವ ತನಕ ಮುಂದುವರಿಯುತ್ತದೆ. ಅಲ್ಲಿಯವರೆಗೆ ಕಾಯಿರಿ, ಇಲ್ಲವೇ ಲಸಿಕೆ ಮುಗಿದ ದೊಡ್ಡ ಬೆಕ್ಕನ್ನು ತನ್ನಿ. ನನ್ನ ಮನೆಯಾಗಿದ್ದರೆ ದೊಡ್ಡದನ್ನೇ ತರುತ್ತಿದ್ದೆ.

ಪ್ರಶ್ನೆ: ನಿನ್ನೆ ಮರಿ ತಂದೆವು. ಮಂಚದ ಕೆಳಗೆ ಸೇರಿಕೊಂಡಿದೆ, ಎಷ್ಟು ಕರೆದರೂ ಬರುತ್ತಿಲ್ಲ. ಏನು ಮಾಡುವುದು?

ಕರೆಯುವುದನ್ನು ನಿಲ್ಲಿಸಿ. ಕೋಲು ಹಾಕಿ ಎಬ್ಬಿಸಬೇಡಿ, ಮಂಚ ಎತ್ತಬೇಡಿ. ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು ಸುಮ್ನೆ ಏನಾದರೂ ಓದಿಕೊಳ್ಳಿ, ರಾತ್ರಿ ತಟ್ಟೆ ಖಾಲಿಯಾಗಿದೆಯಾ ಅಂತ ಮಾತ್ರ ನೋಡಿ. ಖಾಲಿಯಾಗಿದ್ದರೆ ಎಲ್ಲಾ ಸರಿಯಿದೆ. ಆದರೆ ಮರಿ ಒಂದು ಇಡೀ ದಿನ ಏನೂ ತಿನ್ನದಿದ್ದರೆ ಅದನ್ನು ನಾಚಿಕೆ ಅಂದುಕೊಳ್ಳಬೇಡಿ, ಹತ್ತಿರದ ವೈದ್ಯರಲ್ಲಿಗೆ ಒಯ್ಯಿರಿ. ನನಗೆ ಪತ್ರ ಬರೆದು ಕಾಯಬೇಡಿ. ನಿಮ್ಮ ಈ ಪತ್ರ ನನ್ನ ಕೈಗೆ ಬಂದದ್ದೇ ಹನ್ನೊಂದು ದಿನ ಆದಮೇಲೆ.