ಸೋತವರ ಕೂಗು, ಬೂತಿನ ಚೀಟಿ

ಓದುಗರ ಪತ್ರ: "ವೆನೆಜುವೆಲಾ ಚುನಾವಣೆ ಬಗ್ಗೆ ನಿಮ್ಮ ಲೇಖನ ಓದಿದೆ. ಸೋತವರು ಮೋಸ ಎನ್ನದ ಚುನಾವಣೆ ಎಲ್ಲಿದೆ? ದೂರದಲ್ಲಿ ಕುಳಿತ ನಾವು ಒಂದು ಕಡೆಯವರ ಮಾತು ನಂಬುವುದು ಸರಿಯೇ? ಅಷ್ಟಕ್ಕೂ ಎಲ್ಲವೂ ಮುಷ್ಟಿಯಲ್ಲಿರುವ ಸರ್ವಾಧಿಕಾರಿಗೆ ಚುನಾವಣೆ ಯಾಕೆ ಬೇಕು? ಇಲೆಕ್ಷನ್ ಡ್ಯೂಟಿ ತುಂಬಾ ಮಾಡಿದವನು ನಾನು, ಅದಕ್ಕೇ ಕೇಳುತ್ತಿದ್ದೇನೆ." — ನಿವೃತ್ತ ಗಣಿತ ಅಧ್ಯಾಪಕರು, ಬ್ರಹ್ಮಾವರ

ಮಾಸ್ಟ್ರೇ, ನಮಸ್ಕಾರ.

ಸೋತವರ ಕೂಗನ್ನು ಸುಮ್ನೆ ನಂಬಬಾರದು, ಒಪ್ಪಿದೆ. ಗೆದ್ದೆ ಎಂದವರ ಮಾತನ್ನೂ ಹಾಗೆಯೇ ಪರೀಕ್ಷಿಸಬೇಕು, ಅಲ್ವಾ?

ಡ್ಯೂಟಿ ಮಾಡಿದ ನಿಮಗೆ 17ಸಿ ಫಾರ್ಮ್ ಗೊತ್ತೇ ಇದೆ. ಮತದಾನ ಮುಗಿದ ಮೇಲೆ ಬೂತಿನಲ್ಲಿ ಎಷ್ಟು ವೋಟು ಬಿತ್ತು ಎಂದು ಪ್ರಿಸೈಡಿಂಗ್ ಆಫೀಸರ್ ಬರೆದು, ಏಜೆಂಟರಿಗೆ ಪ್ರತಿ ಕೊಡಬೇಕು. ವೆನೆಜುವೆಲಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಯಾರಿಗೆ ಎಷ್ಟು ವೋಟು ಎಂಬುದನ್ನೂ ಮತಯಂತ್ರ ಬೂತಿನಲ್ಲೇ ಚೀಟಿಯಲ್ಲಿ ಮುದ್ರಿಸಿ ಕೊಡುತ್ತದೆ. ಪಕ್ಷಗಳ ಏಜೆಂಟರಿಗೂ ಪ್ರತಿ ಸಿಗಬೇಕು.

ಈಗ ನಿಮ್ಮ ಕ್ಯಾಲ್ಕುಲೇಟರ್ ತೆಗೆಯಿರಿ. 2024ರ ಜುಲೈ 28ರಂದು ಮತದಾನ ಆಯಿತು. ಶೇ. 80ರಷ್ಟು ಎಣಿಕೆ ಮುಗಿದಿದೆ ಎಂದು ಅಲ್ಲಿನ ಚುನಾವಣಾ ಮಂಡಳಿ ಓದಿದ ಲೆಕ್ಕ ಹೀಗಿತ್ತು: ಅಧಿಕಾರದಲ್ಲಿದ್ದ ಅಧ್ಯಕ್ಷ ಮಡುರೊ 51,50,092, ವಿರೋಧ ಪಕ್ಷದ ಅಭ್ಯರ್ಥಿ ಗೊನ್ಸಾಲೆಸ್ 44,45,978, ಉಳಿದವರೆಲ್ಲ ಸೇರಿ 4,62,704. ಕ್ರಮವಾಗಿ ಶೇ. 51.2, 44.2 ಮತ್ತು 4.6. ಒಟ್ಟು ಕೂಡಿಸಿದರೆ 1,00,58,774. ಅದರ ಶೇ. 51.2 ಎಷ್ಟು? 51,50,092.288. ಹತ್ತಿರದ ಪೂರ್ಣಾಂಕಕ್ಕೆ ತಂದರೆ ಮಂಡಳಿ ಓದಿದ ಸಂಖ್ಯೆಯೇ! ಉಳಿದ ಎರಡನ್ನೂ ಗುಣಿಸಿ ನೋಡಿ, ಅವೂ ಒಂದು ವೋಟು ಆಚೀಚೆ ಆಗುವುದಿಲ್ಲ. ಕೋಟಿ ವೋಟು ನಿಜವಾಗಿ ಎಣಿಸಿದಾಗ ಮೂರೂ ಲೆಕ್ಕ ಹೀಗೆ ಕೂದಲೆಳೆಯಷ್ಟೂ ತಪ್ಪದೆ ಕೂರುವುದು ಎಷ್ಟು ಅಪರೂಪ ಎಂದು ನಿಮಗೆ ನಾನು ಹೇಳಬೇಕಿಲ್ಲ. ಹಾಗಂತ ಇದೊಂದೇ ಮೋಸದ ಸಾಕ್ಷಿ ಆಗದು. ಯಾರೋ ಗುಮಾಸ್ತ ಶೇಕಡಾವಾರು ಹಿಡಿದು ವೋಟಿನ ಲೆಕ್ಕ ಬರೆದಿರಬಹುದು. ಆದರೆ ಆಗಲೂ ಓದಿದ್ದು ಎಣಿಸಿದ ವೋಟಲ್ಲ, ಗುಣಿಸಿದ ವೋಟು.

ವಿರೋಧ ಪಕ್ಷದವರು ಕೂಗಿ ಸುಮ್ಮನಾಗಲಿಲ್ಲ. ಬೂತಿನ ಏಜೆಂಟರಿಂದ ಚೀಟಿಗಳನ್ನು ತರಿಸಿ, ಶೇ. 80ಕ್ಕೂ ಜಾಸ್ತಿ ಮತಯಂತ್ರಗಳದ್ದನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿದರು. ಅದರ ಪ್ರಕಾರ ಗೊನ್ಸಾಲೆಸ್‌ಗೆ ಸುಮಾರು ಶೇ. 67, ಮಡುರೊಗೆ ಸುಮಾರು ಶೇ. 30. ಸರಕಾರ ಇವು ನಕಲಿ ಎಂದಿತು. ಸರಿ, ನಕಲಿ ಎಂದು ತೋರಿಸಲು ತನ್ನ ಬಳಿಯ ಅಸಲಿ ಲೆಕ್ಕ ಹೊರಗಿಟ್ಟರೆ ಮುಗಿಯಿತಲ್ಲ? ಮಂಡಳಿ ಹ್ಯಾಕಿಂಗ್ ಆಯಿತು ಎಂದಿತು, ಬೂತುವಾರು ಲೆಕ್ಕ ಕೊಡಲಿಲ್ಲ. ಅದೇ ಮಂಡಳಿ ವೀಕ್ಷಣೆಗೆ ಕರೆಸಿದ್ದ ಅಮೆರಿಕದ ಸಂಸ್ಥೆ ಕಾರ್ಟರ್ ಸೆಂಟರ್ ಕೂಡ ಇದನ್ನು ಪ್ರಜಾಪ್ರಭುತ್ವದ ಚುನಾವಣೆ ಎನ್ನಲಾಗದು ಎಂದಿತು. ಹಾಗಾಗಿ ನಾನು ನಂಬಿದ್ದು ಒಂದು ಕಡೆಯವರ ಬಾಯಿಮಾತನ್ನಲ್ಲ, ಅವರು ಇಟ್ಟ ಕಾಗದವನ್ನು.

ಸರ್ವಾಧಿಕಾರಿಗೆ ಚುನಾವಣೆ ಯಾಕೆ? ನನ್ನ ಅಂದಾಜು ಹೇಳುತ್ತೇನೆ. ಅದು ಜನರಿಗಿಂತ ಹೆಚ್ಚಾಗಿ ಅವನ ಸ್ವಂತ ಅಧಿಕಾರಿಗಳಿಗೆ, ಪೊಲೀಸರಿಗೆ, ಸೈನ್ಯಕ್ಕೆ. ನನ್ನನ್ನು ಬಿಟ್ಟರೆ ಯಾರೂ ಇಲ್ಲ, ಆಚೆ ಹಾರುವ ಯೋಚನೆ ಬೇಡ ಎಂಬ ಸೂಚನೆ. ಕೆಲವೊಮ್ಮೆ ಇದು ಕೈಕೊಡುತ್ತದೆ. ಬೆಲಾರುಸ್‌ನಲ್ಲಿ 1994ರಿಂದ ಲುಕಶೆಂಕೊ ಆಳ್ವಿಕೆ. 2020ರ ಚುನಾವಣೆಗೆ ಮೊದಲೇ ದೊಡ್ಡ ಎದುರಾಳಿಗಳು ಜೈಲು ಸೇರಿದರು. ಹಾಗೆ ಬಂಧಿಯಾದ ಒಬ್ಬರ ಹೆಂಡತಿ ಸ್ವೆತ್ಲಾನಾ ತಿಖಾನೊವ್‌ಸ್ಕಾಯಾ ಸ್ಪರ್ಧೆಗಿಳಿದಾಗ, ಈ ಹೆಂಗಸಿನಿಂದ ಏನಾಗುತ್ತದೆ ಎಂದು ಬಿಟ್ಟರು. ಅವರ ಸಭೆಗಳಿಗೆ ಜನ ತುಂಬಿ ಹರಿದರು. ಆದರೂ ಅಧಿಕೃತ ಲೆಕ್ಕದಲ್ಲಿ ಲುಕಶೆಂಕೊಗೆ ಶೇ. 80, ಅವರಿಗೆ ಶೇ. 10! ಜನ ಬೀದಿಗಿಳಿದದ್ದು ಅದಕ್ಕೇ.

ನಮ್ಮೂರಿನದ್ದೂ ಒಂದು ಮಾತು. 1977ರ ಚುನಾವಣೆ ನಡೆದದ್ದು ತುರ್ತುಪರಿಸ್ಥಿತಿ ಇರುವಾಗಲೇ. ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು, ಇಂದಿರಾ ಗಾಂಧಿಯವರೇ ರಾಯ್‌ಬರೇಲಿಯಲ್ಲಿ ಸೋತು ಇಳಿದರು. ಆದರೆ ಮಂಗಳೂರಿನಲ್ಲಿ ಜನಾರ್ದನ ಪೂಜಾರಿ, ಉಡುಪಿಯಲ್ಲಿ ಟಿ.ಎ. ಪೈ, ಇಬ್ಬರೂ ಕಾಂಗ್ರೆಸ್ಸಿನಿಂದಲೇ ಗೆದ್ದರು. ಗೇಣಿ ಒಕ್ಕಲುಗಳಿಗೆ ಭೂಮಿ ಸಿಕ್ಕಿದ ಕಾಲ ಅದು. ಜೈಲಿಗೆ ಹೋಗಿ ಬಂದವರಿಗೆ ಈ ಫಲಿತಾಂಶ ಕಹಿಯಾಗಿದ್ದಿರಬೇಕು. ಹಾಗೆಂದು ಫಲಿತಾಂಶ ಇಷ್ಟವಾಗದ್ದು ಬೇರೆ, ಲೆಕ್ಕ ತಪ್ಪಿದ್ದು ಬೇರೆ. ನಿಮ್ಮ ಪತ್ರ ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿದೆ ಎಂದು ನನಗನಿಸಿತು.

ಚೀಟಿ ಇದ್ದೂ ಏನಾಯಿತು ಎಂದು ನೀವು ಕೇಳಬಹುದು. 2025ರ ಜನವರಿ 10ರಂದು ಮಡುರೊ ಮತ್ತೆ ಪ್ರಮಾಣವಚನ ತೆಗೆದುಕೊಂಡರು. ಗೊನ್ಸಾಲೆಸ್ ಅದಕ್ಕೂ ಮೊದಲೇ ಸ್ಪೇನಿಗೆ ಹೋಗಬೇಕಾಯಿತು. ಹೌದು, ಚೀಟಿಯೊಂದರಿಂದಲೇ ಯಾರೂ ಕುರ್ಚಿ ಬಿಡುವುದಿಲ್ಲ. 1986ರ ಫಿಲಿಪ್ಪೀನ್ಸ್ ಚುನಾವಣೆಯಲ್ಲಿ, ಫಲಿತಾಂಶ ತೋರಿಸುವ ಬೋರ್ಡಿನಲ್ಲಿ ಬರುತ್ತಿದ್ದ ಲೆಕ್ಕ ತಮ್ಮ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ ಎಂದು ಎಣಿಕೆಯ ಕಂಪ್ಯೂಟರ್ ಸಿಬ್ಬಂದಿಯೇ ಎದ್ದು ಹೊರನಡೆದರು. ಆಮೇಲೆ ಸೈನ್ಯ ಒಡೆಯಿತು, ಮನಿಲಾದ ಬೀದಿಗಳಲ್ಲಿ ಜನ ತುಂಬಿದರು, ಸರ್ವಾಧಿಕಾರಿ ಮಾರ್ಕೋಸ್ ಹವಾಯಿಗೆ ಓಡಿದರು. ಕೆಲಸ ಪೂರ್ತಿ ಮಾಡಿದ್ದು ಸೈನ್ಯ ಮತ್ತು ಜನ. ಆದರೆ ಮೊದಲು ಕುರ್ಚಿ ಬಿಟ್ಟೆದ್ದವರು ನಿಮ್ಮಂತೆ ಡ್ಯೂಟಿಗೆ ಬಂದವರು.

— ಸಂಪಾದಕ, ಮಂಗಳೂರು