ಲಿನಕ್ಸ್ ಪ್ರಶ್ನೋತ್ತರ: ಫ್ಯಾನ್ ಸದ್ದಿಗೂ ಲೈಸೆನ್ಸ್‌ಗೂ ಏನು ನಂಟು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಜಗಳದ ಪತ್ರಗಳು. "ಗೆಳೆಯ ಹೀಗೆ ಹೇಳುತ್ತಾನೆ, ನಾನು ಹಾಗೆ ಹೇಳುತ್ತೇನೆ, ಯಾರು ಸರಿ?" ಪಂಚಾಯ್ತಿ ಮಾಡಲು ನನಗೇನೂ ಬೇಜಾರಿಲ್ಲ. "ಯಾವ ಡಿಸ್ಟ್ರೋ (ಲಿನಕ್ಸ್ ತಳಿ) ಬೆಸ್ಟ್?" ಅಂತ ಕೇಳಿದವರ ಪತ್ರಗಳನ್ನು ಮಾತ್ರ ಪಕ್ಕಕ್ಕಿಟ್ಟಿದ್ದೇನೆ. ಅದಕ್ಕೆ ಉತ್ತರ ಕೊಟ್ಟರೆ ಮುಂದಿನ ಸಂಚಿಕೆ ಪೂರ್ತಿ ಅದೇ ಆಗುತ್ತದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಎಎಂಡಿ ಗ್ರಾಫಿಕ್ಸ್ ಇದೆ. ವಿಂಡೋಸ್, ಫೆಡೋರಾ ಲಿನಕ್ಸ್ ಎರಡನ್ನೂ ಹಾಕಿಕೊಂಡಿದ್ದೇನೆ. ವಿಂಡೋಸ್‌ನಲ್ಲಿ ಸಿನಿಮಾ ನೋಡುವಾಗ ಫ್ಯಾನ್ ಸದ್ದೇ ಇಲ್ಲ. ಫೆಡೋರಾದಲ್ಲಿ ಅದೇ ಫೈಲ್ ಹಾಕಿದರೆ ಫ್ಯಾನ್ ಕೂಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಲಿನಕ್ಸ್ ಹಗುರ ಅನ್ನುವುದು ಬರೀ ಬಾಯಿಮಾತಾ?

ಲಿನಕ್ಸ್ ಹಗುರವೇ. ನಿಮ್ಮ ಫ್ಯಾನ್ ಕೂಗುತ್ತಿರುವುದು ಬಹುಶಃ ಪೇಟೆಂಟ್ ದೆಸೆಯಿಂದ. ತಮಾಷೆ ಮಾಡುತ್ತಿಲ್ಲ.

ಈಗಿನ ಗ್ರಾಫಿಕ್ಸ್ ಚಿಪ್ಪುಗಳ ಒಳಗೆ ವಿಡಿಯೊ ಬಿಡಿಸುವುದಕ್ಕೆಂದೇ ಬೇರೆ ಭಾಗ ಇರುತ್ತದೆ. ಎಚ್.264, ಎಚ್.265 ಅನ್ನುವ ವಿಧಾನಗಳಲ್ಲಿ (ಇವಕ್ಕೆ ಕೋಡೆಕ್ ಅನ್ನುತ್ತಾರೆ) ಕುಗ್ಗಿಸಿದ ಫೈಲುಗಳನ್ನು ಅದು ತಣ್ಣಗೆ ಬಿಡಿಸಿಕೊಡುತ್ತದೆ. ಆ ಭಾಗಕ್ಕೆ ಕೆಲಸ ತಲುಪದಿದ್ದರೆ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಆಗ ವಿಡಿಯೊ ಓಡುತ್ತದೆ, ಜೊತೆಗೆ ಫ್ಯಾನೂ ಓಡುತ್ತದೆ.

ಎಎಂಡಿ ಚಿಪ್ಪಿಗೆ ಈ ಕೆಲಸ ತಲುಪಿಸುವುದು ಮೆಸಾ ಅನ್ನುವ ತಂತ್ರಾಂಶ. ಅದರದ್ದು ಎಂಐಟಿ ಲೈಸೆನ್ಸ್, ತುಂಬಾ ಸಡಿಲ. ಕೋಡ್ ತೆರೆದೇ ಇದೆ, ಚಿಪ್ಪಿಗೆ ತಾಕತ್ತೂ ಇದೆ. ಆದರೂ 2022ರಲ್ಲಿ, ಫೆಡೋರಾ 37 ಬರುವ ಹೊತ್ತಿಗೆ, ಫೆಡೋರಾ ತಂಡದವರು ಎಚ್.264, ಎಚ್.265, ವಿಸಿ-1 ಮೂರೂ ಕೋಡೆಕ್ ತೆಗೆದು ಮೆಸಾ ಕಟ್ಟತೊಡಗಿದರು. ಕೋಡ್ ಬರೆದವರು ಕೊಡುವ ಲೈಸೆನ್ಸ್ ಒಂದು. ಆ ವಿಧಾನದ ಮೇಲೆ ಇನ್ಯಾರೋ ಹಿಡಿದುಕೊಂಡಿರುವ ಪೇಟೆಂಟ್ ಇನ್ನೊಂದು. ಮೊದಲನೆಯವರು "ತಗೋ" ಅಂದರೂ ಎರಡನೆಯವರು "ದುಡ್ಡು ಎಲ್ಲಿ?" ಅಂತ ಕೇಳಬಹುದು. ಫೆಡೋರಾ ಬೆನ್ನಿಗಿರುವುದು ರೆಡ್ ಹ್ಯಾಟ್, ಅಮೆರಿಕದ ಕಂಪನಿ. ಕೇಸು ಬಿದ್ದರೆ ಬೀಳುವುದು ಅವರ ತಲೆಗೇ ಅಲ್ವಾ? ಉಬುಂಟು, ಡೆಬಿಯನ್‌ಗಳ ಮೆಸಾದಲ್ಲಿ ಇವು ಹಾಗೇ ಇವೆ. ಅದಕ್ಕೇ "ಉಬುಂಟು ನನ್ನ ಲ್ಯಾಪ್‌ಟಾಪ್‌ನಲ್ಲಿ ಫೆಡೋರಾಗಿಂತ ಫಾಸ್ಟ್" ಅಂತ ಕೆಲವರು ಅನ್ನುತ್ತಾರೆ. ಚಿಪ್ ಅದೇ, ಮೆಸಾನೂ ಅದೇ. ಕಟ್ಟುವಾಗ ಒಂದು ಸ್ವಿಚ್ ಆರಿಸಿದ್ದಾರೆ, ಅಷ್ಟೇ.

ನೀವೇ ಪರೀಕ್ಷೆ ಮಾಡಿ. ಟರ್ಮಿನಲ್‌ನಲ್ಲಿ 'ವಿಎಇನ್ಫೋ' (vainfo) ಓಡಿಸಿದರೆ ಚಿಪ್ಪಿಗೆ ಯಾವ ಯಾವ ಕೋಡೆಕ್ ತಲುಪುತ್ತಿವೆ ಅನ್ನುವ ಪಟ್ಟಿ ಬರುತ್ತದೆ. ವಿಪಿ9 ಸಾಲು ಇದ್ದು ಎಚ್.264 ಸಾಲು ಕಾಣದಿದ್ದರೆ ರೋಗ ಇದೇ. ಮದ್ದು ಆರ್‌ಪಿಎಂ ಫ್ಯೂಷನ್ ಅನ್ನುವ ಹೊರಗಿನ ಭಂಡಾರದಲ್ಲಿದೆ. ಅದನ್ನು ಸೇರಿಸಿಕೊಂಡು, ಹೆಸರಿನ ಕೊನೆಯಲ್ಲಿ 'ಫ್ರೀವರ್ಲ್ಡ್' ಅಂತಿರುವ ಮೆಸಾ ವಿಡಿಯೊ ಪ್ಯಾಕೇಜ್ ಹಾಕಿಕೊಳ್ಳಿ. ಪಟ್ಟಿಯಲ್ಲಿ ಎಚ್.264 ಬರುತ್ತದೆ. ಆಮೇಲೆ ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಆಗಿದೆಯಾ ನೋಡಿ. ಎಷ್ಟೋ ಜನ ಅಲ್ಲಿಗೆ ಬಂದು ಈ ಒಂದು ಗುಂಡಿ ಒತ್ತುವುದನ್ನೇ ಬಿಡುತ್ತಾರೆ.

"ಫೆಡೋರಾದಲ್ಲಿ ಓಪನ್‌ಎಚ್264 ಸಿಗುತ್ತದಲ್ಲ, ಅದು ಸಾಲದಾ?" ಅಂತ ನೀವು ಕೇಳಬಹುದು. ಅದು ಸಿಸ್ಕೊ ಕಂಪನಿಯದು. ಸಿಸ್ಕೊ ತಾನು ಹಂಚುವ ಬೈನರಿಗೆ ಪೇಟೆಂಟ್ ಶುಲ್ಕವನ್ನು ತಾನೇ ಕಟ್ಟುತ್ತದೆ. ಒಳ್ಳೆಯ ಉಪಾಯ. ಆದರೆ ಅದು ಪ್ರೊಸೆಸರ್ ಮೇಲೆ ನಡೆಯುವ ಡಿಕೋಡರ್. ಕಾನೂನಿನ ಲೆಕ್ಕ ಸರಿಹೋಗುತ್ತದೆ, ಫ್ಯಾನ್ ಸುಮ್ಮನಾಗುವುದಿಲ್ಲ.

ಬ್ರೌಸರ್‌ನಲ್ಲಿ ನೋಡುವ ವಿಡಿಯೊಗಳ ಕಥೆ ಬೇರೆ. ಯೂಟ್ಯೂಬ್ ಹೆಚ್ಚಾಗಿ ವಿಪಿ9 ಅಥವಾ ಎವಿ1 ಕಳಿಸುತ್ತದೆ. ವಿಡಿಯೊ ಮೇಲೆ ಬಲಕ್ಲಿಕ್ ಮಾಡಿ 'ಸ್ಟಾಟ್ಸ್ ಫಾರ್ ನರ್ಡ್ಸ್' ತೆರೆದರೆ ಯಾವುದು ಬರುತ್ತಿದೆ ಅಂತ ಕಾಣುತ್ತದೆ. ಎವಿ1 2018ರಲ್ಲಿ ಬಂದದ್ದು, ರಾಯಲ್ಟಿ ಕೊಡಬೇಕಿಲ್ಲದ ಹಾಗೆ ಮಾಡಬೇಕೆಂದೇ ಕಟ್ಟಿದ್ದು. ಆದರೆ ಅದನ್ನು ಬಿಡಿಸುವ ಭಾಗ ಇಂಟೆಲ್ 11ನೇ ತಲೆಮಾರು, ಎನ್‌ವಿಡಿಯಾ ಆರ್‌ಟಿಎಕ್ಸ್ 30 ಸರಣಿಯಂಥ 2020ರ ಆಸುಪಾಸಿನ ಚಿಪ್ಪುಗಳಿಂದ ಈಚೆಗೆ ಮಾತ್ರ ಇದೆ. ಅದಕ್ಕೂ ಹಳೆಯ ಚಿಪ್ ಆದರೆ ಲೈಸೆನ್ಸ್ ಎಷ್ಟೇ ಚೆನ್ನಾಗಿದ್ದರೂ ಫ್ಯಾನ್ ತಿರುಗಲೇಬೇಕು.

ಪ್ರಶ್ನೆ: ಎನ್‌ವಿಡಿಯಾ ತನ್ನ ಡ್ರೈವರ್ ಓಪನ್ ಸೋರ್ಸ್ ಮಾಡಿಯಾಯ್ತು, ಇನ್ನು ತಕರಾರು ಇಲ್ಲ ಅಂತ ನನ್ನ ಸಹೋದ್ಯೋಗಿ ವಾದ ಮಾಡುತ್ತಾನೆ. ಹೌದಾ?

ಅರ್ಧ ಹೌದು. 2022ರ ಮೇ ತಿಂಗಳಲ್ಲಿ ಕಂಪನಿ ತೆರೆದದ್ದು ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಕೂರುವ ಭಾಗವನ್ನು ಮಾತ್ರ. ಲೈಸೆನ್ಸ್ ಜಿಪಿಎಲ್ (ಬದಲಿಸಿ ಹಂಚುವವರೂ ಕೋಡ್ ತೆರೆದೇ ಕೊಡಬೇಕು ಅನ್ನುವಂಥದ್ದು) ಮತ್ತು ಎಂಐಟಿ, ಎರಡೂ. ಓಪನ್‌ಜಿಎಲ್, ವಲ್ಕನ್, ಸಿಯುಡಿಎ (CUDA) ಇರುವ, ಅಂದರೆ ಪ್ರೋಗ್ರಾಂಗಳು ಕಾರ್ಡಿಗೆ ಕೆಲಸ ಹೇಳುವ ಮೇಲಿನ ಭಾಗ ಇನ್ನೂ ಮುಚ್ಚಿಯೇ ಇದೆ. ಒಳಗಿನ ಎಷ್ಟೋ ಕೆಲಸ ಕಾರ್ಡಿನೊಳಗೇ ಓಡುವ ತಂತ್ರಾಂಶಕ್ಕೆ, ಅಂದರೆ ಫರ್ಮ್‌ವೇರ್‌ಗೆ ಹೋಗಿದೆ, ಅದೂ ಮುಚ್ಚಿದ್ದೇ. ಮೇಲಾಗಿ ಈ ತೆರೆದ ಭಾಗ ನಡೆಯುವುದು ಟ್ಯೂರಿಂಗ್ ಮತ್ತು ಅದಕ್ಕಿಂತ ಹೊಸ ಕಾರ್ಡುಗಳಲ್ಲಿ. ಅಂದರೆ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿಯಿಂದ ಈಚೆಗೆ.

ಹಳೆಯ ಜಿಟಿಎಕ್ಸ್ 900, 10 ಸರಣಿಯವರ ಪಾಡು ಕೇಳಬೇಡಿ. ಅವುಗಳಿಗೆ ಸಮುದಾಯದವರೇ ಬರೆದ ನೂವೋ ಡ್ರೈವರ್ ಇದೆ. ಕೋಡ್ ಪೂರ್ತಿ ತೆರೆದದ್ದು, ಬರೆದವರು ಜಾಣರು. ಆದರೆ ಆ ಕಾರ್ಡುಗಳ ವೇಗ ಏರಿಸುವ ಫರ್ಮ್‌ವೇರ್‌ಗೆ ಕಂಪನಿಯ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವ ಫರ್ಮ್‌ವೇರ್ ನೂವೋಗೆ ಸಿಗಲಿಲ್ಲ. ಹಾಗಾಗಿ ಯಂತ್ರ ಆನ್ ಆದಾಗಿನ ಮಂದ ವೇಗದಲ್ಲೇ ಕಾರ್ಡು ಉಳಿದುಬಿಡುತ್ತದೆ. ಯಾರಾದರೂ ಆ ಅಂಕಿ ತೋರಿಸಿ "ಓಪನ್ ಸೋರ್ಸ್ ಡ್ರೈವರ್ ಅಂದ್ರೆ ನಿಧಾನ" ಅಂದರೆ ನನಗೆ ಸಿಟ್ಟು ಬರುತ್ತದೆ. ಬ್ರೇಕ್ ಹಾಕಿ ನಿಲ್ಲಿಸಿದ ಗಾಡಿಯ ಮೈಲೇಜ್ ಅಳೆದ ಹಾಗೆ ಅದು.

ನಿಮ್ಮ ಸಹೋದ್ಯೋಗಿಗೆ ಇದನ್ನೂ ಹೇಳಿ. "ಡ್ರೈವರ್ ಹಾಕಿದೆ, ಆದರೂ ಡೆಸ್ಕ್‌ಟಾಪ್ ತೆವಳುತ್ತದೆ" ಅನ್ನುವವರಲ್ಲಿ ಸೆಕ್ಯೂರ್ ಬೂಟ್ (ಗುರುತಿನ ಸಹಿ ಇಲ್ಲದ ಕೋಡನ್ನು ತಡೆಯುವ ಕಾವಲು) ಕೈಗೆ ಸಿಕ್ಕಿಬಿದ್ದವರೇ ಜಾಸ್ತಿ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಜನ ಗಾಬರಿಯಾಗಿ 'ಕಂಟಿನ್ಯೂ ಬೂಟ್' ಒತ್ತುತ್ತಾರೆ. ಆಗ ಸಹಿ ಗುರುತು ಸಿಗದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಇತ್ತ ನೂವೋವನ್ನು ಹೊಸ ಡ್ರೈವರ್ ಆಗಲೇ ತಡೆದಿರುತ್ತದೆ. ಇಬ್ಬರೂ ಇಲ್ಲ ಅಂದಮೇಲೆ ಪರದೆಯ ಚಿತ್ರವನ್ನೆಲ್ಲ ಪ್ರೊಸೆಸರೇ ಬಿಡಿಸಬೇಕು. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿವರದಲ್ಲಿ ಗ್ರಾಫಿಕ್ಸ್ ಎದುರು 'ಎಲ್‌ಎಲ್‌ವಿಎಂಪೈಪ್' ಅಂತ ಕಂಡರೆ ಅದೇ ಗುರುತು. ಆ ಹೆಸರಿನ ಕಾರ್ಡು ಲೋಕದಲ್ಲೇ ಇಲ್ಲ.

ಪ್ರಶ್ನೆ: ನಾನು, ನನ್ನ ತಂಗಿ ಇಬ್ಬರದೂ ಒಂದೇ ಮಾಡೆಲ್ ಲ್ಯಾಪ್‌ಟಾಪ್, ಒಂದೇ ಲಿನಕ್ಸ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆದರೂ ಅವಳದರಲ್ಲಿ ಗೇಮ್ ಸರಾಗ, ನನ್ನದರಲ್ಲಿ ಕುಂಟುತ್ತದೆ. ಎರಡರಲ್ಲೂ 16 ಜಿಬಿ ರ್‍ಯಾಮ್ ಇದೆ.

ಅವಳದರಲ್ಲಿ 8 ಜಿಬಿಯ ಎರಡು ಕಡ್ಡಿ, ನಿಮ್ಮದರಲ್ಲಿ 16 ಜಿಬಿಯ ಒಂದೇ ಕಡ್ಡಿ ಇದೆಯಾ ನೋಡಿ. ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದು ಕಡ್ಡಿ ಅಂದರೆ ಒಂದೇ ಚಾನೆಲ್ (ಮಾಹಿತಿ ಸಾಗುವ ದಾರಿ), ಎರಡು ಅಂದರೆ ಎರಡು. ಡಿಡಿಆರ್4-3200 ರ್‍ಯಾಮಿನ ಒಂದು ಚಾನೆಲ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡು ಚಾನೆಲ್ ಆದರೆ 51.2. ಗೇಮ್ ಕುಂಟುವುದಕ್ಕೆ ಈ ವ್ಯತ್ಯಾಸ ಸಾಕು. ಇದರಲ್ಲಿ ಲಿನಕ್ಸ್‌ನದೂ ಇಲ್ಲ, ಲೈಸೆನ್ಸ್‌ನದೂ ಇಲ್ಲ.

ಪ್ರಶ್ನೆ: ಲಿನಕ್ಸ್ ಹಾಕಿದ ಹೊಸತರಲ್ಲಿ 1 ಜಿಬಿ ರ್‍ಯಾಮ್ ತಿನ್ನುತ್ತಿತ್ತು, ಈಗ ಖಾಲಿ ಜಾಗವೇ ಕಾಣುವುದಿಲ್ಲ. ಇನ್ನೂ ಹಗುರವಾದ ಡೆಸ್ಕ್‌ಟಾಪ್‌ಗೆ (ಪರದೆಯ ಕಿಟಕಿ, ಮೆನು ನೋಡಿಕೊಳ್ಳುವ ತಂತ್ರಾಂಶಕ್ಕೆ) ಹೋಗಲಾ? ಯಂತ್ರದಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇದೆ.

ಬೇಡ. 'ಫ್ರೀ' ಕಮಾಂಡ್ ಕೊಟ್ಟಾಗ 'ಅವೈಲಬಲ್' ಕಾಲಂ ನೋಡಿ, 'ಫ್ರೀ' ಕಾಲಂ ನೋಡಬೇಡಿ. ಸುಮ್ನೆ ಬಿದ್ದಿರುವ ರ್‍ಯಾಮಿನಲ್ಲಿ ಕರ್ನಲ್ ನೀವು ಓದಿದ ಫೈಲುಗಳನ್ನು ಇಟ್ಟುಕೊಂಡಿರುತ್ತದೆ, ಕೇಳಿದ ಕೂಡಲೇ ಬಿಟ್ಟುಕೊಡುತ್ತದೆ. ಡೆಸ್ಕ್‌ಟಾಪ್ ಬದಲಿಸಿದರೆ ಉಳಿಯುವುದು ಕೆಲವು ನೂರು ಎಂಬಿ. ಬ್ರೌಸರ್‌ನ ನಾಲ್ಕಾರು ಟ್ಯಾಬ್ ಅದನ್ನು ನುಂಗುತ್ತವೆ.

ನಿಮ್ಮ ಶನಿ ಆ ಹಾರ್ಡ್ ಡಿಸ್ಕ್. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ಬರಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆ ಜರುಗುವ ಹೊತ್ತನ್ನೂ ಕೂಡಿಸಿದರೆ ಚದುರಿದ ಸಣ್ಣ ಫೈಲುಗಳನ್ನು ಸೆಕೆಂಡಿಗೆ ಸುಮಾರು ನೂರರಷ್ಟು ಸಲ ಮಾತ್ರ ಓದಬಹುದು. ಸಾಧಾರಣ ಎಸ್‌ಎಸ್‌ಡಿ ಇದನ್ನೇ ಸಾವಿರಗಟ್ಟಲೆ ಸಲ ಮಾಡುತ್ತದೆ. ಡಿಸ್ಟ್ರೋ ಬದಲಿಸಬೇಡಿ, ಡಿಸ್ಕ್ ಬದಲಿಸಿ.

ಪ್ರಶ್ನೆ: ಬೇರೆಯವರು ವರ್ಡ್‌ನಲ್ಲಿ ಮಾಡಿ ಕಳಿಸಿದ ಫೈಲ್ ಲಿಬ್ರೆಆಫೀಸ್‌ನಲ್ಲಿ ತೆರೆದರೆ ಪುಟ ಹೆಚ್ಚುಕಡಿಮೆ ಆಗುತ್ತದೆ. ತಂತ್ರಾಂಶವೇ ಕಳಪೆ ಅನ್ನುತ್ತಾರೆ ನಮ್ಮ ಮೇಷ್ಟ್ರು.

ಮೇಷ್ಟ್ರಿಗೆ ಮೊದಲು ಫಾಂಟ್ ಪಟ್ಟಿ ತೋರಿಸಿ. ಫೈಲ್ ಕ್ಯಾಲಿಬ್ರಿಯಲ್ಲಿದೆ, ನಿಮ್ಮ ಯಂತ್ರದಲ್ಲಿ ಕ್ಯಾಲಿಬ್ರಿ ಇಲ್ಲ. ಬೇರೆ ಫಾಂಟ್ ಕೂತಾಗ ಅಕ್ಷರದ ಅಗಲ ಬದಲಾಗುತ್ತದೆ, ಸಾಲು ಮುರಿಯುತ್ತದೆ, ಟೇಬಲ್ ಮುಂದಿನ ಪುಟಕ್ಕೆ ಜಾರುತ್ತದೆ. ಕ್ಯಾಲಿಬ್ರಿಯನ್ನು ಹಂಚುವ ಹಕ್ಕು ಡಿಸ್ಟ್ರೋಗಳಿಗೆ ಇಲ್ಲ. ಅದಕ್ಕೇ ಅಳತೆ ಸರಿಹೊಂದುವ ಬೇರೆ ಫಾಂಟುಗಳಿವೆ. ಕ್ಯಾಲಿಬ್ರಿಗೆ ಕಾರ್ಲಿಟೊ, ಕೇಂಬ್ರಿಯಾಗೆ ಕಲಾಡಿಯಾ, ಟೈಮ್ಸ್ ಮತ್ತು ಏರಿಯಲ್‌ಗೆ ಲಿಬರೇಶನ್. ರೂಪ ಬೇರೆ, ಅಗಲ ಅದೇ. ಇವನ್ನು ಹಾಕಿದ ಮೇಲೆ ಮತ್ತೆ ತೆರೆಯಿರಿ.

ಟೈಮ್ಸ್, ಏರಿಯಲ್‌ಗಳ ಅಸಲಿ ಫಾಂಟೇ ಬೇಕೆಂದರೆ ಅದಕ್ಕೂ ಪ್ಯಾಕೇಜ್ ಇದೆ. ಆದರೆ ಅದರೊಳಗೆ ಫಾಂಟ್ ಇರುವುದಿಲ್ಲ! ಮೂಲ ಫೈಲನ್ನು ಬದಲಿಸದೆ ಹಂಚಬೇಕು ಅನ್ನುವುದು ಮೈಕ್ರೋಸಾಫ್ಟ್ ಹಿಂದೆ ಹಾಕಿದ್ದ ಷರತ್ತು. ಹಾಗಾಗಿ ಆ ಪ್ಯಾಕೇಜ್ ಫಾಂಟುಗಳ ಹಳೆಯ ವಿಂಡೋಸ್ ಸೆಟಪ್ ಫೈಲುಗಳನ್ನು ಇಳಿಸಿಕೊಂಡು, ನಿಮ್ಮ ಯಂತ್ರದಲ್ಲೇ ಬಿಚ್ಚಿ, ಫಾಂಟ್ ತೆಗೆದಿಡುತ್ತದೆ. ಕ್ಯಾಲಿಬ್ರಿ ಅದರಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಲಿನಕ್ಸ್‌ನಲ್ಲಿ ಸಿಗುವುದೆಲ್ಲ ಪುಕ್ಕಟೆ. ಆಫೀಸಿನ ಯಂತ್ರಗಳಿಗೆ ವರ್ಚುವಲ್‌ಬಾಕ್ಸ್ (ಒಂದು ಯಂತ್ರದೊಳಗೆ ಇನ್ನೊಂದು ಯಂತ್ರ ಓಡಿಸುವ ತಂತ್ರಾಂಶ) ಹಾಕಿದರೆ ಯಾರ ಅಪ್ಪಣೆ ಬೇಕು?

ಮೂಲ ಪ್ಯಾಕೇಜಿಗೆ ಯಾರ ಅಪ್ಪಣೆಯೂ ಬೇಡ, ಅದು ಜಿಪಿಎಲ್. ಅದರ ಪಕ್ಕದಲ್ಲೇ ಸಿಗುವ ಎಕ್ಸ್‌ಟೆನ್ಶನ್ ಪ್ಯಾಕ್ ಇದೆಯಲ್ಲ, ಅದಕ್ಕೆ ಬೇರೆ ಲೈಸೆನ್ಸ್. ಸ್ವಂತಕ್ಕೆ, ಓದಿಗೆ ಉಚಿತ. ವ್ಯಾಪಾರದ ಬಳಕೆಗೆ ಅದರ ಒಡೆಯ ಒರಾಕಲ್ ಕಂಪನಿಗೆ ದುಡ್ಡು ಕೊಡಬೇಕು. ಹಿಂದೆ ಯುಎಸ್‌ಬಿ 2, 3 ಬೇಕೆಂದರೆ ಆ ಪ್ಯಾಕ್ ಬೇಕಿತ್ತು. 7.0 ಆವೃತ್ತಿಯಿಂದ ಅವು ಮೂಲದಲ್ಲೇ ಇವೆ, ಹಾಗಾಗಿ ನಿಮಗೆ ಪ್ಯಾಕ್ ಬೇಕಾಗದೇ ಇರಬಹುದು. ಅಭ್ಯಾಸಬಲದಿಂದ ಹಾಕಿದ್ದರೆ ಇವತ್ತೇ ತೆಗೆಯಿರಿ. ಇಲ್ಲವೇ ಅದೇ ಕೆಲಸ ಮಾಡುವ ಕೆವಿಎಂ ಬಳಸಿ. 2007ರಿಂದ ಅದು ಕರ್ನಲ್ ಒಳಗೇ ಇದೆ.

ಪ್ರಶ್ನೆ: ಝಡ್‌ಎಫ್‌ಎಸ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಅಷ್ಟು ಒಳ್ಳೆಯದಾದರೆ ಕರ್ನಲ್‌ಗೆ ಯಾಕೆ ಸೇರಿಸಿಲ್ಲ?

ಸನ್ ಕಂಪನಿ 2005ರಲ್ಲಿ ಅದನ್ನು ಸಿಡಿಡಿಎಲ್ ಅನ್ನುವ ಲೈಸೆನ್ಸ್‌ನಲ್ಲಿ ತೆರೆಯಿತು. ಕರ್ನಲ್‌ದು ಜಿಪಿಎಲ್ 2. ಎರಡೂ ಓಪನ್ ಸೋರ್ಸ್, ಆದರೆ ಒಂದರ ಷರತ್ತು ಇನ್ನೊಂದಕ್ಕೆ ಒಗ್ಗುವುದಿಲ್ಲ. 2016ರಲ್ಲಿ ಉಬುಂಟು 16.04 ಜೊತೆ ಝಡ್‌ಎಫ್‌ಎಸ್ ಮಾಡ್ಯೂಲ್ ಕೊಟ್ಟಾಗ, ಇದು ಜಿಪಿಎಲ್ ಉಲ್ಲಂಘನೆ ಅಂತ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಹೇಳಿತು. ಉಬುಂಟು ಹಿಂದಿನ ಕಂಪನಿ ಕ್ಯಾನೊನಿಕಲ್ ಒಪ್ಪಲಿಲ್ಲ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2020ರಲ್ಲಿ ನೇರವಾಗಿ "ಬಳಸಬೇಡಿ" ಅಂದುಬಿಟ್ಟರು. ನಿಮಗೆ ತಟ್ಟುವುದು ಬೇರೆಯದು. ಹೊರಗಿನ ಮಾಡ್ಯೂಲ್ ಆದ್ದರಿಂದ ಹೊಸ ಕರ್ನಲ್ ಬಂದಾಗ ಝಡ್‌ಎಫ್‌ಎಸ್ ಅದಕ್ಕೆ ಹೊಂದಿಕೊಳ್ಳುವವರೆಗೆ ಕಾಯಬೇಕು. ನಾಲ್ಕಾರು ಡಿಸ್ಕ್ ಇರುವ ಸ್ಟೋರೇಜ್ ಯಂತ್ರಕ್ಕೆ ನಾನೂ ಝಡ್‌ಎಫ್‌ಎಸ್ಸನ್ನೇ ಹೇಳುತ್ತೇನೆ. ಒಂದೇ ಡಿಸ್ಕಿನ ಲ್ಯಾಪ್‌ಟಾಪ್‌ಗೆ ಕರ್ನಲ್ ಒಳಗೇ ಇರುವ ಇಎಕ್ಸ್‌ಟಿ4 ಸಾಕು.

ಪ್ರಶ್ನೆ: 32-ಬಿಟ್ ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಡೆಬಿಯನ್ ಹಾಕಬಹುದಾ?

2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ 32-ಬಿಟ್ ಪಿಸಿ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಮೊದಲು 'ಎಲ್‌ಎಸ್‌ಸಿಪಿಯು' ಓಡಿಸಿ 'ಆಪ್-ಮೋಡ್' ಸಾಲು ನೋಡಿ. 32-ಬಿಟ್ ವಿಂಡೋಸ್ ಹಾಕಿದ್ದ ಎಷ್ಟೋ ಯಂತ್ರಗಳ ಪ್ರೊಸೆಸರ್ 64-ಬಿಟ್ ಇರುತ್ತದೆ. ನಿಜಕ್ಕೂ 32 ಮಾತ್ರ ಅಂತ ಬಂದರೆ ಡೆಬಿಯನ್ 12 ಹಾಕಿಕೊಳ್ಳಿ. ಆದರೆ ಬ್ರೌಸರ್ ಕೆಲಸ ಅದರಲ್ಲಿ ಇಟ್ಟುಕೊಳ್ಳಬೇಡಿ.